ಹದಿನೇಳು ಹುಣಸೆ ಬೀಜ

ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ಜಮಾಲುದ್ದೀನ್ ಮೇಷ್ಟ್ರದ್ದಲ್ಲ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಸ್ಕೂಲಿನ ಗೇಟು ದಾಟಿದ ಮೇಲೂ ಮೇಷ್ಟ್ರೇ. ರಂಜಾನಿನಲ್ಲಿ ಒಂದು ಸಲ, ದಿನವಿಡೀ ಹಸಿದ ಜನ ಖರ್ಜೂರ ಕೈಯಲ್ಲಿ ಹಿಡಿದು ಕೂತಿದ್ದಾಗ ಯಾರೋ ಪಾಪದವನು ಸೂರ್ಯ ಮುಳುಗಿದ ಅಂದನಂತೆ. ಇವರು, "ಸೂರ್ಯ ಮುಳುಗೋದಿಲ್ಲಪ್ಪ, ಭೂಮಿ ತಿರುಗ್ತದೆ" ಅಂತ ಶುರು ಮಾಡಿ, ಹೇಗೆ ತಿರುಗುತ್ತದೆ ಎಂದು ಖರ್ಜೂರವನ್ನೇ ತಿರುಗಿಸಿ ತೋರಿಸಿದರಂತೆ. ಮಸೀದಿಯಲ್ಲಿ ನಮಾಜು ನಡೆಸುವ ನಬೀ ಸಾಬರು, "ಮೇಷ್ಟ್ರೆ, ಮೊದ್ಲು ಅದನ್ನ ಬಾಯಿಗೆ ಹಾಕ್ಕೊಳ್ರಿ, ಭೂಮಿ ಆಮೇಲೆ ತಿರುಗ್ಲಿ" ಅಂದ ಮೇಲೆಯೇ ಅಲ್ಲಿದ್ದವರ ಉಪವಾಸ ಮುರಿದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಇಂಥ ಮನುಷ್ಯ ಮೂರು ವರ್ಷದಿಂದ ಒಂದೇ ಒಂದು ತಪ್ಪನ್ನು ಕಂಡೂ ಕಾಣದವರಂತೆ ಇದ್ದರು. ಆ ತಪ್ಪು ನಿಟ್ಟುವಳ್ಳಿಯ ಅವರ ಬಾಡಿಗೆ ಮನೆಯಲ್ಲೇ, ಅಡುಗೆಮನೆಯ ಗೂಡಿನಲ್ಲಿ, ಒಂದು ತಗಡಿನ ಡಬ್ಬಿಯೊಳಗೆ ಇತ್ತು. ಡಬ್ಬಿಯಲ್ಲಿ ಹದಿನೇಳು ಹುಣಸೆ ಬೀಜ. ಇಟ್ಟವಳು ಹೆಂಡತಿ ಸುಗ್ರಾಬಿ.

ಬೀಜದ ಕಥೆ ಹೇಳಬೇಕಾದರೆ ಮಗುವಿನ ಕಥೆ ಹೇಳಬೇಕು. ನಾಲಿಗೆ ಏಳುವುದಿಲ್ಲ, ಆದರೂ ಹೇಳಲೇಬೇಕು.

ಮದುವೆಯಾಗಿ ಆರು ವರ್ಷದ ಮೇಲೆ ಹುಟ್ಟಿದ ಒಂದೇ ಮಗು ಮೆಹರ್ ಬಾನು. ಅವಳು ಹುಟ್ಟಿದ್ದೇ ತಡ, ಸುಗ್ರಾಬಿ ಗಂಡನನ್ನು 'ರೀ' ಅನ್ನುವುದು ಬಿಟ್ಟು 'ಮೆಹರೂ ಅಬ್ಬಾ' ಅಂತ ಕರೆಯತೊಡಗಿದಳು. ಆ ಹುಡುಗಿಗೆ ಒಂದು ಚಾಳಿ. ಅಮ್ಮಿ ಬಂದು ಪಕ್ಕದಲ್ಲಿ ಮಲಗುವ ತನಕ ಕಣ್ಣು ಮುಚ್ಚುತ್ತಿರಲಿಲ್ಲ. ಸುಗ್ರಾಬಿ ಬಾವಿಗೆ ಹೋಗಲಿ, ಪಕ್ಕದ ಮನೆಯ ತಿಪ್ಪಮ್ಮನ ಹತ್ತಿರ ಹೆಪ್ಪಿಗೆ ಮಜ್ಜಿಗೆ ತರಲು ಹೋಗಲಿ, "ಅಮ್ಮಿ, ಯಾವಾಗ ಬರ್ತಿ?" ಎಂದು ಕೇಳಲೇಬೇಕು. "ಈಗ ಬಂದೆ" ಎಂದು ಇವಳು ಹೇಳಲೇಬೇಕು. ಅಷ್ಟಾದ ಮೇಲೆ ಹೊಸ್ತಿಲ ಮೇಲೆ ಎರಡೂ ಮೊಣಕಾಲು ತಬ್ಬಿಕೊಂಡು ಕೂತುಬಿಡುತ್ತಿತ್ತು. ಒಂದು ಸಲ ತಿಪ್ಪಮ್ಮನ ಹೆರಿಗೆಗೆಂದು ಹೋದ ಸುಗ್ರಾಬಿ ವಾಪಸು ಬರುವಾಗ ಬೆಳಗಾಗಿತ್ತು. ಮಗು ಹೊಸ್ತಿಲ ಮೇಲೇ ಇತ್ತು, ಕಣ್ಣು ಎರಡೂ ಕೆಂಡವಾಗಿದ್ದವು. ಅಪ್ಪ ಎಷ್ಟು ಎತ್ತಿಕೊಂಡು ಮುದ್ದು ಮಾಡಿದರೂ ಒಳಗೆ ಹೋಗಿರಲಿಲ್ಲ. "ಈಗ ಬಂದೆ ಅಂದಿದ್ದೆ ನೀನು" ಎಂದಿತ್ತು, ಅಷ್ಟೆ. ಅವತ್ತು ಸುಗ್ರಾಬಿ ಮಗುವಿನ ಕಾಲು ಹಿಡಿದುಕೊಂಡು ಅತ್ತಿದ್ದಳು.

ಅರವತ್ತನೇ ಇಸವಿಯ ಮಳೆಗಾಲದಲ್ಲಿ ಹರಿಹರದ ತವರಿಗೆ ಹೋದಾಗ ಮಗುವಿಗೆ ಗಂಟಲಮಾರಿ ತಗುಲಿತು. ಮೂರೇ ದಿನ. ನಾಲ್ಕೂವರೆ ವರ್ಷದ ಕೂಸಿಗೆ ನಾಲ್ಕು ಹೆಗಲು ಬೇಕಾಗಲಿಲ್ಲ. ಅಜ್ಜ ಅಲ್ಲಾಬಕ್ಷ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಮೊಮ್ಮಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಟರು. ಹೆಂಗಸರು ಖಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ಬಾಗಿಲಲ್ಲಿ ಸುಗ್ರಾಬಿ ಆ ಬಟ್ಟೆಯ ತುದಿ ಹಿಡಿದವಳು ಬಿಡಲೊಲ್ಲಳು. ಯಾರು ಬಿಡಿಸಿದರೂ ಬಿಡಲಿಲ್ಲ. ಆಮೇಲೆ ತಾನಾಗಿಯೇ ಬಿಟ್ಟಳು. ಬಿಡುವಾಗ, ಬಾವಿಗೆ ಹೋಗುವಾಗಿನ ಅದೇ ದನಿಯಲ್ಲಿ, "ನಡಿ ನನ್ನವ್ವ, ನೀ ಮುಂದೆ ನಡಿ, ನಾ ಈಗ ಬಂದೆ" ಅಂದಳು.

ಆ ಮಾತು ಅವಳ ಕೊರಳಿಗೆ ಸುತ್ತಿಕೊಂಡಿತು. ತಾನು ಸತ್ತರೂ ತನ್ನ ಗೋರಿ ಬೇರೆ, ಮಗುವಿನ ಗೋರಿ ಬೇರೆ. ಸತ್ತವರೆಲ್ಲ ಎದ್ದು ಒಬ್ಬರನ್ನೊಬ್ಬರು ಕಾಣುವುದು ಲೋಕ ಮುಗಿಯುವ ಖಯಾಮತ್ತಿನ ದಿನವೇ ಎಂದು ಅವಳು ನಂಬಿದವಳು. ಆ ದಿನ ಯಾವಾಗ? ಮಗು ಎಷ್ಟು ಹೊತ್ತು ಕೂತಿರಬೇಕು? ಊಟ ಬಿಟ್ಟಳು, ಮಾತು ಬಿಟ್ಟಳು. ಆಗ ಅವಳ ಅಜ್ಜಿ ಹಜೀರಾಬೀ, ಹಲ್ಲಿಲ್ಲದ ಬಾಯಿಯ ಆ ಮುದುಕಿ, ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

"ಅಳಬ್ಯಾಡ ಬೇಟಿ. ಈಗ ನಡೀತಿರೋದು ನಮ್ಮ ಹಿಜರಿ ಲೆಕ್ಕದ ಹದಿನಾಲ್ಕನೇ ಸದಿ, ಹದಿನಾಲ್ಕನೇ ನೂರು ವರ್ಷ. ಇದರಾಚೆ ಲೋಕ ಇಲ್ಲ ಅಂತ ನಮ್ಮ ಹಿರೇರು ಹೇಳ್ತಿದ್ರು. ಈ ಸದಿಗೆ ಹೆದರಿ ದನಕರಾನೂ ದೇವರ ಮೊರೆ ಹೊಕ್ಕಿದ್ವಂತೆ. ಲೋಕದ ಆಯಸ್ಸು ಬರೀ ಏಳು ಸಾವಿರ ವರ್ಷ, ಅದೂ ತೀರ್ತಾ ಬಂತು. ಈ ಸದಿ ಮುಗಿಯೋಕೆ ಇನ್ನು ಇಪ್ಪತ್ತೇ ವರ್ಷ ಐತೆ. ಇಪ್ಪತ್ತು ವರ್ಷ ಅಂದ್ರೆ ಏನು ಮಹಾ? ಈಗ ಬಂದೆ ಅಂದಂಗೇ."

ಅವತ್ತು ಸುಗ್ರಾಬಿ ಎದ್ದು ಎರಡು ರೊಟ್ಟಿ ತಿಂದಳು. ನಿಟ್ಟುವಳ್ಳಿಗೆ ಬಂದವಳೇ ಇಪ್ಪತ್ತು ಹುಣಸೆ ಬೀಜ ತೊಳೆದು ಒಣಗಿಸಿ ಡಬ್ಬಿಗೆ ಹಾಕಿದಳು. ಹೊಸ ವರ್ಷ ಶುರುವಾಗುವ ಪ್ರತಿ ಮೊಹರಂ ತಿಂಗಳ ಹೊಸ ಚಂದ್ರ ಕಂಡ ಮಾರನೆಯ ದಿನ ಒಂದು ಬೀಜ ತೆಗೆದು ಹಿತ್ತಲ ನುಗ್ಗೆಮರದ ಬುಡಕ್ಕೆ ಎಸೆಯುವಳು. ಮೂರು ಹೋಗಿ ಈಗ ಹದಿನೇಳು ಉಳಿದಿದ್ದವು.

ಅಜ್ಜಿಯ ಲೆಕ್ಕಕ್ಕೆ ಬುಡವಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆ ಗಳಿಗೆ ದೇವರೊಬ್ಬನಿಗೇ ಗೊತ್ತು ಎಂದು ನಬೀ ಸಾಬರೂ ಅನ್ನುತ್ತಿದ್ದರು. ಆದರೆ ಹೆಂಡತಿ ಆ ಎರಡು ರೊಟ್ಟಿ ತಿಂದದ್ದನ್ನು ಮೇಷ್ಟ್ರು ಕಣ್ಣಾರೆ ನೋಡಿದ್ದರು. ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಬೀಗ ಹೀಗೆ ಕಳಚೀತು ಎಂದು ಯಾರು ಕಂಡಿದ್ದರು!

ಅರವತ್ತಮೂರನೇ ಇಸವಿಯ ಕಾರ್ತಿಕ ಮಾಸದಲ್ಲಿ ಹೆಡ್‌ಮಾಸ್ಟರ್ ಕೊಟ್ಟೂರಪ್ಪನವರಿಗೆ ಒಂದು ಹುಕಿ ಬಂತು. ಶನಿವಾರ ಸಂಜೆ ಸ್ಕೂಲಿನ ಅಂಗಳದಲ್ಲಿ ಊರವರನ್ನೆಲ್ಲ ಕರೆದು 'ಭೂಮಿಗೆ ವಯಸ್ಸೆಷ್ಟು?' ಎಂದು ಎರಡು ಭಾಷಣ. ಪುರಾಣದ ಕಡೆಯಿಂದ ಕನ್ನಡ ಪಂಡಿತರಾದ ಕೆಂಚವೀರಪ್ಪನವರು, ವಿಜ್ಞಾನದ ಕಡೆಯಿಂದ ಜಮಾಲುದ್ದೀನ್ ಮೇಷ್ಟ್ರು. ಇಬ್ಬರೂ ಹತ್ತು ವರ್ಷದ ಗೆಳೆಯರು, ಸ್ಟಾಫ್ ರೂಮಿನಲ್ಲಿ ಒಂದೇ ಪೊಟ್ಟಣದ ಮಂಡಕ್ಕಿ ತಿನ್ನುವವರು.

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ನಾನೂರೈವತ್ತು ಕೋಟಿ ವರ್ಷ ಎಂದರೆ ಜನಕ್ಕೆ ತಲೆಗೆ ಹತ್ತುವುದು ಹೇಗೆ? ಮೂರು ದಿನ ಯೋಚಿಸಿ ಒಂದು ಉಪಾಯ ಹುಡುಕಿದರು. ನೀರು ಸೇದುವ ಹಗ್ಗವನ್ನು ಬಿಚ್ಚಿ ತಂದು ಅಳೆದರು: ನಲವತ್ತೈದು ಅಡಿ ಮೇಲೆ ಸ್ವಲ್ಪ. ಉಳಿದದ್ದನ್ನು ಗಂಟು ಹಾಕಿದರು. ಒಂದು ಅಡಿಗೆ ಹತ್ತು ಕೋಟಿ ವರ್ಷ! ಬುಧವಾರ ಸ್ಕೂಲು ಬಿಟ್ಟು ಬಂದವರೇ ಹಗ್ಗದ ಒಂದು ತುದಿಯನ್ನು ಹಿತ್ತಲ ನುಗ್ಗೆಮರಕ್ಕೆ ಕಟ್ಟಿ, ನಡುಮನೆಯೊಳಗಿಂದ ಎಳೆದು ತಂದು, ಇನ್ನೊಂದು ತುದಿಯನ್ನು ಮುಂಬಾಗಿಲ ಮರೆಯಲ್ಲಿ ನಿಂತಿದ್ದ ಸುಗ್ರಾಬಿಯ ಕೈಗೆ ಕೊಟ್ಟರು.

"ಬಿಗಿಯಾಗಿ ಹಿಡ್ಕೋ. ನುಗ್ಗೆಮರದ ಹತ್ರ ಭೂಮಿ ಹುಟ್ಟಿತು. ನಿನ್ನ ಕೈಯಲ್ಲಿರೋದು ಇವತ್ತು. ಹಿತ್ತಲು ದಾಟೋ ತನಕ ಬರೀ ಕಲ್ಲು, ನೀರು. ನಡುಮನೆ ದಾಟಿದ ಮೇಲೆ ಮೀನು. ಆನೆ, ಕುದುರೆ ಎಲ್ಲ ಇಲ್ಲಿ, ನಿನ್ನ ಮೊಳಕೈ ಹತ್ರ."

"ಮೊದಲ್ನೇ ಮನುಷ್ಯ ಆದಂ ಹಜರತ್ರು?" ಎಂದು ನಗುತ್ತ ಕೇಳಿದಳು ಸುಗ್ರಾಬಿ. ಗಂಡ ಹುಡುಗನ ಹಾಗೆ ಓಡಾಡುವುದನ್ನು ಅವಳು ನೋಡಿ ಬಹಳ ದಿನವಾಗಿತ್ತು.

"ಮನುಷ್ಯರು ಕಣ್ಣು ಬಿಟ್ಟು, ಊರು ಕಟ್ಟಿ, ಇಲ್ಲೀತನಕ ಬಂದ ಏಳು ಸಾವಿರ ವರ್ಷ ಸೇರಿ ಒಂದು ಕೂದಲೆಳೆಯಷ್ಟು ದಪ್ಪಾನೂ ಆಗಲ್ಲ. ನಿನ್ನ ಉಗುರಿನ ಸಂದಿಯಲ್ಲಿ ಸಿಕ್ಕೊಂಡಿರೋ ನಾರು ಐತಲ್ಲ, ಅದಕ್ಕಿಂತ ಸಣ್ಣದು!"

ಅವಳು ಉಗುರು ನೋಡಿಕೊಂಡಳು. ಆಮೇಲೆ ಬಾಗಿಲಾಚೆಯ ಬೀದಿಯನ್ನು ನೋಡಿದಳು. "ಈ ಕಡೆ? ನನ್ನ ಕೈಯಿಂದ ಆ ಕಡೆ ಇನ್ನೆಷ್ಟು ಹಗ್ಗ ಐತೆ?"

ಎಂಥ ಪ್ರಶ್ನೆ! ಇಡೀ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ ಒಬ್ಬ ಹುಡುಗನೂ ಕೇಳದ ಪ್ರಶ್ನೆ. ಮೇಷ್ಟ್ರು ಕುಣಿದಾಡಿದರು. ಹೊಸ್ತಿಲು ದಾಟಿ ಬೀದಿಗೆ ಇಳಿದು ಹೆಜ್ಜೆ ಅಳೆಯುತ್ತ ಹೋದರು. ಬಕ್ಕೇಶಪ್ಪನ ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು: "ಇಲ್ಲೀತನಕ! ಇನ್ನೂ ಐವತ್ತು ಅಡಿ! ಸೂರ್ಯ ಉರಿಯೋ ತನಕ ಭೂಮಿಗೇನೂ ಆಗಲ್ಲ. ಐನೂರು ಕೋಟಿ ವರ್ಷ!"

ವಾಪಸು ಬಂದಾಗ ಸುಗ್ರಾಬಿಯ ಮುಖದಲ್ಲಿ ನಗು ಇರಲಿಲ್ಲ. ಮೆಟ್ಟಿಲನ್ನೇ ನೋಡುತ್ತಿದ್ದಳು.

"ಹದಿನೇಳು ವರ್ಷ ಎಲ್ಲಿ ಬರ್ತದೆ ಮೆಹರೂ ಅಬ್ಬಾ?"

"ಹದಿನೇಳಾ? ಅದು ಕಣ್ಣಿಗೇ ಕಾಣಲ್ಲ ಕಣೆ" ಎಂದರು ಮೇಷ್ಟ್ರು, ನಗುನಗುತ್ತಲೇ. ಅಂದ ಮೇಲೆ ಗೊತ್ತಾಯಿತು ಏನಂದೆ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಗ್ರಾಬಿ ಹಗ್ಗದ ತುದಿಯನ್ನು ಮೆಲ್ಲಗೆ ಹೊಸ್ತಿಲ ಮೇಲೆ ಇಟ್ಟಳು, ಮಗು ಕೂರುತ್ತಿದ್ದ ಜಾಗದಲ್ಲೇ. ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಗಂಡನಿಗೆ ಬಡಿಸಿದಳು. ತಾನು ಉಣ್ಣಲಿಲ್ಲ.

ಮಾರನೆಯ ದಿನ ಮೇಷ್ಟ್ರು ಸ್ಕೂಲಿನಿಂದ ಬರುವಾಗ ತಿಪ್ಪಮ್ಮನ ಜಗಲಿಯ ಮೇಲೆ ಅವಳ ಹೆಣ್ಣುಮಕ್ಕಳು ಚೌಕಾಬಾರ ಆಡುತ್ತಿದ್ದರು. ಮಣೆಯ ಮೇಲೆ ಹುಣಸೆ ಬೀಜ. ಪಕ್ಕದಲ್ಲಿ ಆ ತಗಡಿನ ಡಬ್ಬಿ.

"ಎಲ್ಲಿ ಸಿಕ್ಕಿದ್ವವ್ವಾ ಇವು?"

"ಸುಗ್ರಾ ಅತ್ತೆ ಕೊಟ್ರು ಸಾ. ನಂಗಿನ್ನು ಬ್ಯಾಡ, ಆಡ್ಕೊಳ್ರಿ ಅಂದ್ರು."

ಮೇಷ್ಟ್ರು ಜಗಲಿಯ ಮೇಲೆ ಕೂತು, ಮಕ್ಕಳಿಗೆ ಪೆಪ್ಪರಮಿಂಟಿನ ಆಸೆ ತೋರಿಸಿ, ಹದಿನೇಳನ್ನೂ ಎಣಿಸಿ ತಂದರು. ಡಬ್ಬಿಯನ್ನು ಗೂಡಿನಲ್ಲಿ ಇಡುವಾಗ ಸುಗ್ರಾಬಿ ಒಲೆಯ ಮುಂದಿನಿಂದಲೇ ನೋಡಿದಳು. "ಯಾಕ ತಂದ್ರಿ?" ಅಂದಳು. "ಪಾಪ, ಹುಡುಗ್ರು ಆಡ್ತಿದ್ವು."

ಅವಳು ಕಿರುಚಿದ್ದರೆ, ಬೈದಿದ್ದರೆ, ಹಗ್ಗ ತಂದು ಮುಖದ ಮೇಲೆ ಎಸೆದಿದ್ದರೆ ಮೇಷ್ಟ್ರಿಗೆ ಬದುಕಿದೆಯಾ ಬಡಜೀವವೇ ಅನ್ನಿಸುತ್ತಿತ್ತು. ಅವಳು ಸುಮ್ಮನಿದ್ದಳು. ಅರವತ್ತನೇ ಇಸವಿಯಲ್ಲಿ ಸುಮ್ಮನಿದ್ದ ಹಾಗೆಯೇ. ತಟ್ಟೆಯಲ್ಲಿ ರೊಟ್ಟಿ ಮುರಿದು ಮುರಿದು ಇಟ್ಟು ಎದ್ದುಬಿಡುತ್ತಿದ್ದಳು.

ಶುಕ್ರವಾರ ಬೆಳಗ್ಗೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೆಂಚವೀರಪ್ಪನವರ ಕೈ ಹಿಡಿದುಕೊಂಡರು. "ಪಂಡಿತರೆ, ನಿಮ್ಮ ಪುರಾಣದ ಪ್ರಕಾರ ಲೋಕ ಮುಗಿಯೋಕೆ ಇನ್ನೆಷ್ಟು ವರ್ಷ ಐತ್ರಿ?"

ಪಂಡಿತರು ಶಲ್ಯ ಸರಿ ಮಾಡಿಕೊಂಡರು. "ಬ್ರಹ್ಮನಿಗೆ ಒಂದು ಹಗಲು ಅಂದ್ರೆ ನಾನೂರ ಮೂವತ್ತೆರಡು ಕೋಟಿ ವರ್ಷ. ಅದರಾಗೆ ನೂರಾ ತೊಂಬತ್ತೇಳು ಕೋಟಿ ಕಳದೈತೆ. ಉಳಿದಿದ್ದು ಇನ್ನೂರ ಮೂವತ್ತೈದು. ನಿಮ್ಮ ವಿಜ್ಞಾನಿಗಳು ಈಗ ಕಣ್ಣು ಬಿಡ್ತಾ ಅದಾರೆ, ನಮ್ಮೋರು ಕೋಟಿ ಲೆಕ್ಕ ಯಾವಾಗ್ಲೋ ಬರೆದಿಟ್ಟಾರೆ!"

"ಅದಕ್ಕಿಂತ ಕಮ್ಮಿ ಇಲ್ವಾ?"

"ಕಲಿಯುಗ ಒಂದೇ ಹಿಡಿದ್ರೆ ನಾಲ್ಕು ಲಕ್ಷದ ಇಪ್ಪತ್ತೇಳು ಸಾವಿರ."

"ಇನ್ನೂ ಕಮ್ಮಿ? ಒಂದು ಇಪ್ಪತ್ತು ವರ್ಷ ಅಂತ ಎಲ್ಲಾದ್ರೂ..."

"ಏನ್ರಿ ಮೇಷ್ಟ್ರೆ, ಸಂತೆಯಾಗೆ ಬದನೆಕಾಯಿ ಚೌಕಾಸಿ ಮಾಡ್ದಂಗೆ ಮಾಡ್ತೀರಲ್ರಿ!" ಎಂದು ನಕ್ಕ ಪಂಡಿತರು ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದರು. ಮೇಷ್ಟ್ರು ಬೀಜದ ಕಥೆ ಪೂರಾ ಹೇಳಿದರು. ಪಂಡಿತರು ಹೆಗಲ ಶಲ್ಯವನ್ನು ತೆಗೆದು ಮಡಿಸಿ ಮೇಜಿನ ಮೇಲೆ ಇಟ್ಟರು. ಆಮೇಲೆ, "ನಮ್ಮಲ್ಲೂ ಮಕ್ಕಳನ್ನ ಮಣ್ಣಿಗೇ ಕೊಡೋದು ಮೇಷ್ಟ್ರೆ. ನಂದೂ ಒಂದು ಕೂಸು ಐತೆ ಅಲ್ಲಿ" ಎಂದು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಹತ್ತು ವರ್ಷದ ಗೆಳೆತನದಲ್ಲಿ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ.

ಮಧ್ಯಾಹ್ನ ಜುಮ್ಮಾ ನಮಾಜಿನ ಮೇಲೆ ಮೇಷ್ಟ್ರು ನಬೀ ಸಾಬರ ಹತ್ತಿರ ಹೋದರು. "ಹಜರತ್, ಹದಿನೇಳೇ ವರ್ಷ ಅಂತ ಒಂದು ಮಾತು ನೀವು ಅವಳಿಗೆ ಹೇಳಿಬಿಡ್ರಿ. ನಿಮ್ಮ ಮಾತು ನಂಬ್ತಾಳೆ" ಎಂದು ಬೇಡಿಕೊಂಡರು.

ಮುದುಕರು ತಲೆ ಅಲ್ಲಾಡಿಸಿದರು. "ದೇವರು ತನ್ನ ಹತ್ರ ಇಟ್ಟುಕೊಂಡಿರೋ ಲೆಕ್ಕಾನ ನಾನು ಹೆಂಗೆ ಹೇಳ್ಲಪ್ಪ? ಅದು ನನ್ನಿಂದಾಗಲ್ಲ. ಆದ್ರೆ ಒಂದು ಮಾತೈತೆ. ಮಣ್ಣಾಗೆ ಇರೋರಿಗೆ ಕಾಲ ಗೊತ್ತಾಗಲ್ಲ. ಎದ್ದ ದಿನ ಅವರಿಗೆ ಒಂದು ಸಂಜೆ ಮಲಗಿ ಎದ್ದಂಗೆ ಇರ್ತದೆ. ಸಾವಿರ ವರ್ಷ ಆದ್ರೂ ಅಷ್ಟೇ, ಕೋಟಿ ಆದ್ರೂ ಅಷ್ಟೇ. ಬೇಟಿಗೆ ಇದನ್ನ ಹೇಳು."

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ನಿಟ್ಟುವಳ್ಳಿಯ ತನಕ ಸೈಕಲ್ ತುಳಿದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದು, ಟೋಪಿ ಕೂಡ ತೆಗೆಯದೆ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಸುಗ್ರಾಬಿಗೆ ಅದನ್ನೇ ಹೇಳಿದರು: ಐನೂರು ಕೋಟಿ ವರ್ಷವಾದರೂ ಮಗುವಿಗೆ ಅದು ಒಂದು ನಿದ್ದೆ.

ಸುಗ್ರಾಬಿ ಹಿಂಡುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಮಲಗಿದ ಮಗುವಿಗೆ ಆ ಮಾತು ಸರಿ" ಅಂದಳು. "ನಮ್ಮವಳು ಮಲಗ್ತಿದ್ಳಾ? ನಾನು ಬರೋ ತನಕ ಒಂದು ದಿನಾನಾದ್ರೂ ಮಲಗಿದ್ಳಾ? ನೀವೇ ಹೇಳ್ರಿ. ಈಗ ಬಂದೆ ಅಂತ ಹೇಳಿ ಕಳಿಸೀನಿ ನಾನು. ಕೂತಿರ್ತಾಳೆ ಅಲ್ಲಿ, ಮೊಣಕಾಲು ತಬ್ಬಿಕೊಂಡು."

ಏನು ಹೇಳುತ್ತೀರಿ ಇದಕ್ಕೆ? ಯಾವ ಪುಸ್ತಕ ತೆಗೆದು ತೋರಿಸುತ್ತೀರಿ? ಮೇಷ್ಟ್ರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಅಲ್ಲೇ ಒಂದು ನಿರ್ಧಾರ ಮಾಡಿದರು. ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡುವುದೆಂದು.

ಶನಿವಾರ ಐದು ಗಂಟೆಗೆ ಸ್ಕೂಲಿನ ಅಂಗಳ ತುಂಬಿತ್ತು. ಸುಗ್ರಾಬಿಯನ್ನು ಮೇಷ್ಟ್ರೇ ಬಲವಂತ ಮಾಡಿ ತಿಪ್ಪಮ್ಮನ ಜೊತೆ ಕರೆಸಿದ್ದರು. ಹೆಂಗಸರ ಚಾಪೆಯ ತುದಿಯಲ್ಲಿ ಕಪ್ಪು ಬುರ್ಖಾದಲ್ಲಿ ಕೂತಿದ್ದಳು, ಮುಖದ ಪರದೆ ಮೇಲೆತ್ತಿ ವೇದಿಕೆಯನ್ನೇ ನೋಡುತ್ತಿದ್ದಳು. ಮೊದಲು ಮೇಷ್ಟ್ರ ಸರದಿ. ಹಗ್ಗ ತಂದಿರಲಿಲ್ಲ. ನಿಂತರು, ಗಂಟಲು ಸರಿ ಮಾಡಿಕೊಂಡರು.

"ಭೂಮಿಗೆ ನಾನೂರೈವತ್ತು ಕೋಟಿ ವರ್ಷ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅದು ತಪ್ಪು. ಅಂದರೆ, ತಪ್ಪಿರಬಹುದು. ಕಲ್ಲಿನ ವಯಸ್ಸು ಅಳೆದವರು ಮನುಷ್ಯರೇ. ನಮ್ಮ ಹಿರಿಯರು ಹೇಳುತ್ತಿದ್ದ ಏಳು ಸಾವಿರವೇ ನಿಜ ಇರಬಹುದು. ಮುಂದೆ ಎಷ್ಟು ವರ್ಷ ಅಂತ ಯಾವ ವಿಜ್ಞಾನಿಗೂ ಗೊತ್ತಿಲ್ಲ. ಹದಿನೇಳು ವರ್ಷಕ್ಕೇ ಮುಗಿದರೂ ಮುಗಿಯಬಹುದು."

ಅಂಗಳದಲ್ಲಿ ಗುಸುಗುಸು ಎದ್ದಿತು. ಕೊಟ್ಟೂರಪ್ಪನವರ ಹುಬ್ಬು ಗಂಟಾಯಿತು. ಎಸ್ಸೆಸ್ಸೆಲ್ಸಿಯ ಸಿಕಂದರ್, ಮೇಷ್ಟ್ರೇ ಬೆಳೆಸಿದ ಜಾಣ, ಎದ್ದು ನಿಂತ. "ಸರ್, ಸೋಮವಾರ ನೋಟ್ಸಿನಲ್ಲಿ ನೀವೇ ನಾನೂರೈವತ್ತು ಕೋಟಿ ಅಂತ ಬರ್ಸಿದ್ರಿ. ಹೆಂಗೆ ಕಂಡುಹಿಡಿದ್ರು ಅಂತಾನೂ ಬರ್ಸಿದ್ರಿ."

"ಬರೆಸಿದ್ದು ತಪ್ಪು ಕಣಪ್ಪ" ಅಂದರು ಮೇಷ್ಟ್ರು. "ಹೊಡೆದುಹಾಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಕೈ ಗಡಗಡ ನಡುಗುತ್ತಿತ್ತು, ಮೇಜನ್ನು ಹಿಡಿದುಕೊಂಡರು. ಆಗ ಕೆಂಚವೀರಪ್ಪನವರು ತಮ್ಮ ಸರದಿ ಕಾಯದೆ ಎದ್ದರು. ವಾರವಿಡೀ ಬರೆದ ಹದಿನಾರು ಪುಟದ ಭಾಷಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ನಮ್ಮ ಮೇಷ್ಟ್ರು ಹೇಳಿದ್ದೇ ಸರಿ. ಪುರಾಣದ ಕೋಟಿ ಲೆಕ್ಕವನ್ನೂ ನಂಬೋದಕ್ಕೆ ಬರೋದಿಲ್ಲ. ಬ್ರಹ್ಮನ ಹಗಲನ್ನು ಗಡಿಯಾರ ಹಿಡಿದು ಯಾರು ನೋಡಿದ್ದಾರೆ? ಬೇಗನೇ ಮುಗಿದೀತು" ಎಂದು ಕೂತರು. ಭೂಮಿಯ ವಯಸ್ಸಿನ ಬಗ್ಗೆ ಎರಡು ಗಂಟೆ ನಡೆಯಬೇಕಿದ್ದ ಸಭೆ ಕಾಲು ಗಂಟೆಯಲ್ಲಿ ಮುಗಿಯಿತು. ಜನ ಬೈದುಕೊಳ್ಳುತ್ತ ಎದ್ದರು. ಬೈಯಲಿ ಬಿಡಿ, ಅವರಿಗೇನು ಗೊತ್ತು.

ಮನೆಯ ದಾರಿಯಲ್ಲಿ ತಿಪ್ಪಮ್ಮ ಮುಂದೆ ಮುಂದೆ ಹೋದಳು. ಗಂಡ ಹೆಂಡತಿ ಹಿಂದೆ. ಬಕ್ಕೇಶಪ್ಪನ ಅಂಗಡಿಯ ಮುಂದೆ ಸುಗ್ರಾಬಿ ನಿಂತಳು. ಮೆಟ್ಟಿಲನ್ನು ನೋಡಿದಳು, ಅಲ್ಲಿಂದ ತಮ್ಮ ಮನೆಯ ಹೊಸ್ತಿಲನ್ನು ನೋಡಿದಳು.

"ಅದು ತಪ್ಪು ಅಂತ ಹೇಳಿದ್ನಲ್ಲ ಸುಗ್ರಾ, ನೀನೂ ಕೇಳಿದ್ಯಲ್ಲ" ಎಂದರು ಮೇ‍ಷ್ಟ್ರು ಅವಸರದಲ್ಲಿ. "ಪಂಡಿತರೂ ಹೇಳಿದ್ರು."

"ಕೇಳಿದೆ" ಅಂದಳು ಅವಳು. "ನಿಮ್ಮನ್ನ ಮದುವೆಯಾಗಿ ಹದಿನಾಲ್ಕು ವರ್ಷ ಆತು ಮೆಹರೂ ಅಬ್ಬಾ. ಒಂದು ಸುಳ್ಳು ಹೇಳಿದ್ದು ನೋಡಿರ್ಲಿಲ್ಲ. ನಮ್ಮಪ್ಪನ ಮುಖದ ಮೇಲೇ ನಿಜ ಹೇಳಿ ಬೈಸ್ಕೊಂಡೋರು ನೀವು. ಇವತ್ತು ನಿಮ್ಮ ಹುಡುಗರ ಮುಂದೆ ತಲೆ ತಗ್ಗಿಸಿದ್ರಿ. ಕೈ ಹೆಂಗೆ ನಡುಗ್ತಿತ್ತು ಗೊತ್ತಾ? ಅಜ್ಜಿ ಹೇಳಿದ್ದು ನಿಜ ಆಗಿದ್ರೆ ನಿಮಗೆ ಈ ಗತಿ ಯಾಕ ಬರ್ತಿತ್ತು?"

ಮೇಷ್ಟ್ರ ಅಷ್ಟೂ ವರ್ಷದ ಸತ್ಯವೇ ಅವರ ಸುಳ್ಳಿಗೆ ಅಡ್ಡ ನಿಂತಿತ್ತು.

"ಹೋಗ್ಲಿ ಬಿಡ್ರಿ" ಎಂದಳು ಸುಗ್ರಾಬಿ. ಗಂಡನ ಶರ್ಟಿನ ತೋಳನ್ನು ಬೀದಿಯಲ್ಲೇ, ಯಾರಾದರೂ ನೋಡಿಯಾರು ಎನ್ನದೆ, ಹಿಡಿದುಕೊಂಡಳು. "ನಾಳೆ ನನ್ನನ್ನ ಹರಿಹರಕ್ಕೆ ಕರ್ಕೊಂಡು ಹೋಗ್ರಿ."

ಭಾನುವಾರ ಬೆಳಗಿನ ರೈಲಿಗೆ ಹೋದರು. ಅವಳು ತವರು ಮನೆಗೂ ಹೋಗಲಿಲ್ಲ. ಸ್ಟೇಷನ್ನಿನಿಂದ ನೆಟ್ಟಗೆ ಖಬರಸ್ತಾನಕ್ಕೆ ನಡೆದಳು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಎದೆಯೆತ್ತರದ ಕಲ್ಲುಗೋಡೆ, ಗೋಡೆಯಾಚೆ ಬೇವಿನ ಮರ, ಮರದಡಿ ಮೂರು ವರ್ಷದ ಹಿಂದೆ ಇಟ್ಟ ಒಂದು ಗೇಣುದ್ದದ ಕಲ್ಲು. ಸುಗ್ರಾಬಿ ಗೋಡೆಯ ಈಚೆ ನಿಂತಳು. ಮೂರು ವರ್ಷದಲ್ಲಿ ಅವಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಬೀಜಗಳ ಮೇಲಿನ ಧೈರ್ಯದಿಂದ ಮನೆಯಲ್ಲಿ ಇದ್ದವಳು, ಈಗ ಬಂದಿದ್ದಳು.

"ನಾನು ಒಳಗೆ ಬರಂಗಿಲ್ಲ" ಅಂದಳು. "ನೀವು ಹೋಗಿ ಅವಳಿಗೆ ಒಂದು ಮಾತು ಹೇಳಿ ಬರ್ರಿ."

"ಏನು ಹೇಳ್ಲಿ?"

"ಅಮ್ಮಿ ಬರೋದು ತಡ ಆಗ್ತದೆ ಅಂತ ಹೇಳ್ರಿ." ಅವಳು ಗೋಡೆಯ ಮೇಲೆ ಕೈ ಊರಿದಳು. "ಬಾಳ ತಡ ಆಗ್ತದೆ ಅಂತ. ಕೂತು ಕಾಯಬ್ಯಾಡ ಅಂತೆ, ಮಲಕ್ಕೊ ಅಂತೆ ಅಂತ ಹೇಳ್ರಿ. ಅಮ್ಮಿ ಬೇಕಂತ ಸುಳ್ಳು ಹೇಳಿರ್ಲಿಲ್ಲ ಅಂತೆ, ಅವಳಿಗೆ ಗೊತ್ತಿರ್ಲಿಲ್ಲ ಅಂತೆ ಅಂತ ಹೇಳ್ರಿ."

ಮೇಷ್ಟ್ರು ಒಳಗೆ ಹೋದರು. ಸತ್ತವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಇದೇ ಬಾಯಿಂದ ಎಷ್ಟು ಜನಕ್ಕೆ ತಿದ್ದಿ ಹೇಳಿದ್ದರೋ. ಕಲ್ಲಿನ ಹತ್ತಿರ ಕೂತರು. ಮಳೆಗೆ ಮಣ್ಣು ಒಂದು ಕಡೆ ಕುಸಿದಿತ್ತು. ಹುಲ್ಲು ಕಿತ್ತರು, ಬೇವಿನ ಎಲೆ ಆರಿಸಿದರು, ಎರಡೂ ಅಂಗೈಯಿಂದ ಮಣ್ಣನ್ನು ಮೇಲಕ್ಕೆಳೆದು ಸಮ ಮಾಡಿದರು. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿ, ಬಾಗಿ, ಹೆಂಡತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ತಡ ಆಗುತ್ತದೆ, ಮಲಕ್ಕೊ, ಅಮ್ಮಿಗೆ ಗೊತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ತಮ್ಮದೂ ಒಂದು ಮಾತು ಸೇರಿಸಿದರು. "ತಪ್ಪು ಅಬ್ಬಾಂದು ಮಗಳೇ" ಅಂದರು. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಮಗು ಸತ್ತ ದಿನ, ಗಂಡಸು ಎಂದು, ಮೇಷ್ಟ್ರು ಎಂದು ನುಂಗಿಕೊಂಡದ್ದೆಲ್ಲ ಬಂತು. ಮೂಗು ಒರೆಸಿಕೊಂಡು ಎದ್ದರು.

ಸುಗ್ರಾಬಿ ಗೋಡೆಯ ಮೇಲುಗಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಹೇಳಿದ್ರಾ?"

"ಹೇಳಿದೆ."

"ಏನಂದ್ಳು?"

ಬೇವಿನ ಮರದಲ್ಲಿ ಗಾಳಿ ಬೀಸಿತು. ಮೇಷ್ಟ್ರು ನಡುಗುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹೂಂ ಅಂದ್ಳು. ಮಲಕ್ಕೊಂಡ್ಳು."

ಸುಗ್ರಾಬಿ ಅವರ ಮುಖವನ್ನೇ ನೋಡಿದಳು. ಬೆನ್ನ ಹಿಂದೆ ಹೋದ ಕೈಯನ್ನೂ ನೋಡಿದಳು. ಈ ಸಲ ಸುಳ್ಳು ಅನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೊದಿಕೆ ಸರಿ ಮಾಡಿದ್ರಾ? ಒದ್ದು ಹಾಕ್ತಾಳೆ ಅವಳು."

ಮೇಷ್ಟ್ರು ಕೈಗಳನ್ನು ಮುಂದೆ ತಂದು ಅಂಗೈ ಬಿಚ್ಚಿ ತೋರಿಸಿದರು. ಎರಡಕ್ಕೂ ಮಣ್ಣು ಮೆತ್ತಿತ್ತು.

"ಮಾಡಿದೆ" ಅಂದರು.